ಒಬ್ಬರೇ ಇದ್ದಾಗ ಮಿನುಗುವ ದೀಪ

ಹೊಸನಗರ ಬಸ್ ಸ್ಟ್ಯಾಂಡಿನಿಂದ ಸಾಗರದ ಕಡೆ ಹೊರಟರೆ ಎಡಕ್ಕೆ ಸಿಗುವ ತಗಡಿನ ಶೆಡ್ಡು ನನ್ನದು. ಬೋರ್ಡಿನ ಮೇಲೆ ‘ಸೀತಾರಾಮಪ್ಪ, ಆಟೋ ಎಲೆಕ್ಟ್ರಿಷಿಯನ್’ ಎಂದಿದೆ. ಅದರ ಕೆಳಗಿನ ಸಾಲನ್ನು ನಾನೇ ಹೇಳಿ ಬರೆಸಿದ್ದು: ‘ಇಲ್ಲಿ ಫಾಲ್ಟ್ ಹುಡುಕಲಾಗುತ್ತದೆ, ಮುಚ್ಚಲಾಗುವುದಿಲ್ಲ.’ ಇದೆಲ್ಲ ಯಾಕೆ ಎಂದು ಬರೆಯುವವನು ಕೇಳಿದ. ಬೇಕಾದರೆ ನನ್ನ ಹೆಸರು ಬಿಡು, ಅದನ್ನು ಮಾತ್ರ ಬಿಡಬೇಡ ಎಂದಿದ್ದೆ. ಫ್ಯೂಸ್ ಸುಟ್ಟರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕಳಿಸುವವರು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹತ್ತಿದರೆ ಆ ಬಲ್ಬನ್ನೇ ಕಿತ್ತು ಸರಿಯಾಯ್ತು ಎನ್ನುವವರು ಈ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಅವರ ಮೇಲೆ ನನಗೆ ಮೂವತ್ತೆರಡು ವರ್ಷದ ಸಿಟ್ಟಿದೆ. ನನ್ನ ಹೆಸರು ಬೆಳೆದದ್ದು ಆ ಸಿಟ್ಟಿನಿಂದಲೇ ಎಂದು ನಾನು ನಂಬಿದ್ದೆ.

ಹೋದ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಎರಡನೇ ದಿನ, ನಾರಾಯಣಮೂರ್ತಿ ಭಟ್ಟರು ತಮ್ಮ ಫೋರ್‌ವೀಲ್ ಜೀಪು ತಂದು ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ವಾಗ್ದೇವಿಯಮ್ಮ, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಸಾಗರ ತಾಲೂಕಿನ ಒಂದು ಗುಡ್ಡದ ಮೇಲೆ ಅವರ ಮನೆ. ಕೆಳಗಿನ ಬಸ್ ಸ್ಟಾಪಿನಿಂದ ಅರ್ಧ ಕಿಲೋಮೀಟರ್ ಕೆಮ್ಮಣ್ಣಿನ ಏರು. ಮಳೆಗಾಲದಲ್ಲಿ ನಾಲ್ಕೂ ಚಕ್ರ ಎಳೆಯದಿದ್ದರೆ ಯಾವ ಗಾಡಿಯೂ ಅಲ್ಲಿ ಹತ್ತುವುದಿಲ್ಲ.

ಹಳೇ ಜೀಪುಗಳಲ್ಲಿ ಇದಕ್ಕೊಂದು ಕಬ್ಬಿಣದ ಲಿವರ್ ಇರುತ್ತಿತ್ತು. ಎಳೆದರೆ ಬೀಳುತ್ತಿತ್ತು, ಬೀಳದಿದ್ದರೆ ಒದೆಯಬಹುದಿತ್ತು. ಈಗಿನದರಲ್ಲಿ ಗೇರಿನ ಪಕ್ಕ ರೇಡಿಯೋದ್ದರಂಥ ಒಂದು ಗುಂಡಿ. ಅದನ್ನು ತಿರುಗಿಸಿದರೆ ಗಾಡಿಯ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ, ಕಂಪ್ಯೂಟರು ಅಡಿಯಲ್ಲಿರುವ ಮೋಟಾರಿಗೆ ಹೇಳುತ್ತದೆ, ಮೋಟಾರು ಮುಂದಿನ ಚಕ್ರಗಳನ್ನು ಸೇರಿಸುತ್ತದೆ. ಮೂವರಲ್ಲಿ ಒಬ್ಬರ ಮಾತು ತಪ್ಪಿದರೂ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗತೊಡಗುತ್ತದೆ, ಗಾಡಿ ಎರಡೇ ಚಕ್ರದಲ್ಲಿ ಉಳಿದುಬಿಡುತ್ತದೆ. ಭಟ್ಟರ ಗಾಡಿಯಲ್ಲಿ ಆಗುತ್ತಿದ್ದದ್ದು ಅದೇ, ಆದರೆ ಯಾವಾಗಲೂ ಅಲ್ಲ. ಒಂದು ದಿನ ಮಿನುಗುತ್ತಿತ್ತು, ಮಾರನೇ ದಿನ ತಾನಾಗಿ ಸರಿಹೋಗುತ್ತಿತ್ತು.

ನನ್ನ ಹತ್ತಿರ ಬರುವ ಮುನ್ನ ಎರಡು ಕಡೆ ತೋರಿಸಿಯಾಗಿತ್ತು. ಸಾಗರದಲ್ಲಿ ಶ್ರೀನಾಥ್ ಎಂಬವನು ಲ್ಯಾಪ್‌ಟಾಪ್ ಜೋಡಿಸಿ ನೋಡಿ ಮೋಟಾರು ಬದಲಿಸಿದ. ವಾಗ್ದೇವಿಯಮ್ಮನ ತವರು ತೀರ್ಥಹಳ್ಳಿ ಕಡೆಯ ಅರಳಸುರಳಿ. ಅಲ್ಲಿಗೆ ಹೋದಾಗ ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬರು, ಸಾಗರದವನಿಗೆ ತಲೆಯಿಲ್ಲ ಎಂದು ಹೇಳಿ ಕಂಪ್ಯೂಟರ್ ಬದಲಿಸಿದರು. ಹೊಸ ಮೋಟಾರು, ಹೊಸ ಕಂಪ್ಯೂಟರು, ಹಳೇ ರೋಗ. ಇದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾನು ಹುಟ್ಟಿದ್ದೇ ಇಂಥ ಗಾಡಿಗಾಗಿ ಎಂದು ಆ ಕ್ಷಣಕ್ಕೆ ಅನ್ನಿಸಿತು.

ಭಟ್ಟರು ನನಗೆ ಮೊದಲೇ ಗೊತ್ತಿದ್ದರು. ಎಲೆಯಡಿಕೆಯ ಕವಳ ಬಿಟ್ಟ ಭಟ್ಟರೆಂದು ಮೂರು ತಾಲೂಕಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವರ ಕೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು ಎದ್ದಿತ್ತು. ಎಲೆ, ಅಡಿಕೆ, ಸುಣ್ಣ, ತಂಬಾಕು ಯಾವುದನ್ನೂ ಇನ್ನು ಬಾಯಿಗೆ ಮುಟ್ಟಿಸಬಾರದು, ಮುಟ್ಟಿಸಿದರೆ ಕ್ಯಾನ್ಸರಿಗೆ ತಿರುಗಬಹುದು ಎಂದು ಡಾಕ್ಟರು ಹೇಳಿದರು. ಭಟ್ಟರು ಅಂದೇ ಹಿತ್ತಾಳೆಯ ಕವಳದ ತಟ್ಟೆಯನ್ನು ಅಟ್ಟಕ್ಕೆ ಹಾಕಿಸಿದರಂತೆ. ಅಡಿಕೆ ಬೆಳೆಯುವುದನ್ನೂ ಮಾರುವುದನ್ನೂ ಬಿಡದೆ ತಿನ್ನುವುದನ್ನು ಮಾತ್ರ ಬಿಟ್ಟ ಈ ಸಾಹಸಕ್ಕೆ ಸಹಕಾರ ಸಂಘದವರು ಶಾಲು ಹೊದಿಸಿದರು. ಆಮೇಲೆ ಹೈಸ್ಕೂಲುಗಳಲ್ಲಿ ಭಾಷಣ ಶುರುವಾಯಿತು. ನನ್ನ ಬೆಂಚಿನ ಮೇಲಿದ್ದ ಕವಳದ ಡಬ್ಬಿ ನೋಡಿ ನನಗೂ ಅರ್ಧ ಗಂಟೆ ಹೇಳಿದರು. ನಾನು ಬಾಯಿ ತುಂಬ ಕವಳ ಇಟ್ಟುಕೊಂಡು ಕೇಳಿದೆ, ಬಾಯಿ ತುಂಬಿದ್ದರಿಂದ ಎದುರು ಮಾತಾಡಲಾಗಲಿಲ್ಲ.

ಅವರು ಟೀ ಕುಡಿಯಲು ಎದುರು ಹೋಟೆಲಿಗೆ ಹೋದಾಗ ವಾಗ್ದೇವಿಯಮ್ಮ ಜೀಪಿನ ಪಕ್ಕ ಬಂದು ನಿಂತರು. ನಾನು ಫ್ಯೂಸ್ ಬಾಕ್ಸಿಗೆ ತಲೆ ತೂರಿಸಿದ್ದೆ.

“ಅವರ ಮಚ್ಚೆ ಕಮ್ಮಿ ಆಗ್ತಾ ಇಲ್ಲ, ಸೀತಾರಾಮಪ್ಪ. ನಿಜವಾಗ್ಲೂ ಬಿಟ್ಟಿದ್ದೀರಾ ಅಂತ ಡಾಕ್ಟರು ಕೇಳಿದ್ರು. ದೇವರಾಣೆ ಅಂದ್ರು ಇವರು.”

ನಾನು ಹೂಂ ಎಂದೆ. ಫೋರ್‌ವೀಲ್ ಗುಂಡಿಗೂ ಕೆನ್ನೆಯ ಮಚ್ಚೆಗೂ ಏನು ಸಂಬಂಧ, ಹೆಂಗಸರು ಮಾತಿಗೊಂದು ಮಾತು ಆಡುತ್ತಾರೆ ಎಂದುಕೊಂಡೆ. ಇಷ್ಟು ದೊಡ್ಡ ಸುಳಿವನ್ನು ಯಾವ ಗಿರಾಕಿಯೂ ನನಗೆ ಕೊಟ್ಟಿರಲಿಲ್ಲ ಎನ್ನುವುದು ತಿಳಿಯಲು ಬಹಳ ದಿನ ಬೇಕಾಯಿತು.

ಅಂದು ಗುಂಡಿಯನ್ನು ಐವತ್ತು ಸಲ ತಿರುಗಿಸಿದೆ. ಐವತ್ತು ಸಲವೂ ಚಕ್ರಗಳು ಸೇರಿದವು. ಮೀಟರ್ ಇಟ್ಟು ಒಂದೊಂದೇ ವೈರು ನೋಡಿದೆ, ಎಲ್ಲ ಸರಿ. ಫಾಲ್ಟು ಎದುರಿಗೆ ಬಾರದೆ ಹುಡುಕಲಾಗುವುದಿಲ್ಲ. ಹಾಗಾಗಿ ದೀಪ ಮಿನುಗಿದಾಗಲೆಲ್ಲ ಬರೆದಿಡಿ ಎಂದು ಹೇಳಿ ಮೂರು ಕಾಲಂ ಹಾಕಿಕೊಟ್ಟೆ: ದಿನ, ರಸ್ತೆ, ಮಳೆ ಇತ್ತೋ ಇಲ್ಲವೋ. ಭಟ್ಟರು ಹೆಂಡತಿಗೆ ತಮ್ಮ ಮನೆಮಾತಿನಲ್ಲಿ, “ಬರೆಯಲೆ ಎಂತದೂ ಇಲ್ಲೆ, ಗಾಡಿ ಹಳತಾತು ಅಷ್ಟೇಯ,” ಎಂದರು. ವಾಗ್ದೇವಿಯಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು.

ಹದಿನೈದು ದಿನಕ್ಕೆ ಗಾಡಿಯೂ ಹಾಳೆಯೂ ಒಟ್ಟಿಗೆ ಬಂದವು. ಸ್ಕೇಲ್ ಹಿಡಿದು ಗೆರೆ ಎಳೆದ ಅಚ್ಚುಕಟ್ಟು ಬರಹ. ನಾನು ಹೇಳಿದ ಮೂರು ಕಾಲಂ ಜೊತೆಗೆ ಅವರೇ ನಾಲ್ಕನೆಯದೊಂದನ್ನು ಸೇರಿಸಿದ್ದರು: ‘ಗಾಡಿಯಲ್ಲಿ ಯಾರಿದ್ದರು.’ ದೀಪ ಮಿನುಗಿದ್ದು ಆರು ಸಲ. ಆರೂ ಸಲ ಆ ಕಾಲಂನಲ್ಲಿ ‘ಅವರೊಬ್ಬರೇ’ ಎಂದಿತ್ತು. ಇಬ್ಬರೂ ಹೋದ ಒಂಬತ್ತು ಪ್ರಯಾಣಗಳಲ್ಲಿ ಒಮ್ಮೆಯೂ ಮಿನುಗಿರಲಿಲ್ಲ.

ಬುದ್ಧಿವಂತನಾದವನಿಗೆ ಇಷ್ಟು ಸಾಕಿತ್ತು. ನಾನು ಎಲೆಕ್ಟ್ರಿಷಿಯನ್. ಎಡಗಡೆ ಸೀಟಿನಲ್ಲಿ ಭಾರ ಇಲ್ಲದಾಗ ಅಡಿಯ ವೈರು ಸಡಿಲವಾಗುತ್ತದೆ ಎಂದು ತೀರ್ಮಾನಿಸಿದೆ. ಗಾಡಿಯನ್ನು ಇಟ್ಟುಕೊಂಡು ಸೀಟು ಬಿಚ್ಚಿದೆ, ನೆಲದ ಮ್ಯಾಟು ಕಿತ್ತೆ, ವಾಗ್ದೇವಿಯಮ್ಮನ ಅಂದಾಜಿನ ತೂಕಕ್ಕೆ ಒಂದು ಮೂಟೆ ಹಿಂಡಿ ತಂದು ಸೀಟಿನ ಮೇಲೆ ಕೂರಿಸಿದೆ. ಹಿಂಡಿ ಕೂರಿಸಿ ಬಟ್ಟೆಮಲ್ಲಪ್ಪದವರೆಗೆ ಹೋಗಿ ಬಂದೆ, ಹಿಂಡಿ ಇಳಿಸಿ ಮತ್ತೆ ಹೋಗಿ ಬಂದೆ. ದೀಪಕ್ಕೆ ಹಿಂಡಿಯ ಮೇಲೆ ಯಾವ ಅಭಿಪ್ರಾಯವೂ ಇರಲಿಲ್ಲ.

ಮೂರನೇ ದಿನ ಬೇಸರ ಬಂದು ನಗರ ಎಂಬ ಪಕ್ಕದ ಊರಿನ ಕಡೆ ಹೊರಟೆ. ದಾರಿಯಲ್ಲಿ ಕವಳ ಹಾಕುವ ಮನಸ್ಸಾಯಿತು. ಗಾಡಿ ಓಡಿಸುವವನಿಗೆ ಬಲಗೈ ಸ್ಟೇರಿಂಗಿಗೆ ಮೀಸಲು, ಕವಳದ ಕೆಲಸವೆಲ್ಲ ಎಡಗೈಯದು. ಮಡಿಯವರ ಶಾಸ್ತ್ರ ಗೇರು ಇರುವ ಗಾಡಿಗೆ ಅನ್ವಯಿಸುವುದಿಲ್ಲ. ತೊಡೆಯ ಮೇಲೆ ಎಲೆ ಇಟ್ಟು, ಬೆರಳಿನಿಂದ ಸುಣ್ಣ ಹಚ್ಚಿ, ಅಡಿಕೆ ಹಾಕಿ ಮಡಿಸಿ ಬಾಯಿಗಿಟ್ಟೆ. ಬೆರಳಿನಲ್ಲಿ ಉಳಿದ ಸುಣ್ಣವನ್ನು ನಮ್ಮ ಕಡೆಯವರು ಎಲ್ಲಿ ಒರೆಸುತ್ತಾರೆಂದು ಹೇಳಬೇಕಾಗಿಲ್ಲ. ಕಂಬಕ್ಕೆ, ಬಾಗಿಲ ಪಟ್ಟಿಗೆ, ಗೋಡೆಯ ಮೂಲೆಗೆ. ನನ್ನ ಶೆಡ್ಡಿನ ಗೋಡೆಯಲ್ಲಿ ಮೂವತ್ತೆರಡು ವರ್ಷದ ಬಿಳಿ ಗೀರುಗಳಿವೆ. ಆದರೆ ಇದು ಗಿರಾಕಿಯ ಗಾಡಿ, ಗುರುತು ಕಾಣಬಾರದು. ಕಾಣದ ಜಾಗ ಹುಡುಕುತ್ತ ನನ್ನ ಬೆರಳು ತಾನಾಗಿ ಫೋರ್‌ವೀಲ್ ಗುಂಡಿಯ ಸುತ್ತ ಇರುವ ರಿಂಗಿನ ಅಡಿಗೆ ಹೋಯಿತು.

ಆ ಅಡಿ ನುಣ್ಣಗಿರಲಿಲ್ಲ. ಗಟ್ಟಿಯಾದ ಪದರದ ಮೇಲೆ ಪದರ ಕೈಗೆ ತಾಗಿತು. ನನಗಿಂತ ಮೊದಲು ಯಾರೋ ಅಲ್ಲಿ ಎಷ್ಟೋ ಸಲ ಬೆರಳು ಒರೆಸಿದ್ದರು. ಎರಡು ಕಿಲೋಮೀಟರ್ ಹೋಗುವುದರೊಳಗೆ ಹಳದಿ ದೀಪ ಮಿನುಗತೊಡಗಿತು.

ಅಲ್ಲೇ ಬದಿಗೆ ನಿಲ್ಲಿಸಿ ಗುಂಡಿಯನ್ನು ಬಿಚ್ಚಿದೆ. ಒಳಗೆ ತಾಮ್ರದ ಪಟ್ಟಿಗಳ ನಡುವೆ ಬಿಳಿ ಕೆಸರು. ನಾಲಗೆಗೆ ತಾಗಿಸಿದೆ, ಸುಣ್ಣವೇ. ಹಸಿ ಇದ್ದಾಗ ಅದರ ಮೂಲಕ ಕರೆಂಟು ಸೋರಿ ಕಂಪ್ಯೂಟರಿಗೆ ತಪ್ಪು ಸುದ್ದಿ ಹೋಗುತ್ತಿತ್ತು, ಒಣಗಿದ ಮೇಲೆ ಎಲ್ಲ ಸರಿ. ಗಾಡಿ ಮೆಕ್ಯಾನಿಕ್ಕಿನ ಹತ್ತಿರ ಬರುವಷ್ಟರಲ್ಲಿ ಸುಣ್ಣ ಒಣಗಿರುತ್ತಿತ್ತು. ಲ್ಯಾಪ್‌ಟಾಪಿನ ಸಾಗರಕ್ಕೂ ಸಿಗದ್ದನ್ನು, ಕಂಪ್ಯೂಟರ್ ಬದಲಿಸಿದ ತೀರ್ಥಹಳ್ಳಿಯೂ ಕಾಣದ್ದನ್ನು ಹೊಸನಗರದ ನಾಲಗೆ ಕಂಡುಹಿಡಿದಿತ್ತು. ರಸ್ತೆಬದಿಯಲ್ಲಿ ಒಬ್ಬನೇ ನಿಂತು ನಕ್ಕೆ. ಆ ನಗು ಮುಗಿದ ಮೇಲೆ ನಾಲ್ಕನೇ ಕಾಲಂ ನೆನಪಿಗೆ ಬಂತು.

ಸ್ವಿಚ್ಚಲ್ಲಿ ಸುಣ್ಣ ಇದೆ ಎಂದು ಭಟ್ಟರಿಗೆ ಫೋನಿನಲ್ಲಿ ಹೇಳಿದೆ, ಅಷ್ಟೇ. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಒಬ್ಬರೇ ಬಂದಿಳಿದರು. ಶಾಲು ಹೊದಿಸಿಕೊಂಡ ಮನುಷ್ಯ, ನನ್ನ ಸ್ಟೂಲಿನ ಮೇಲೆ ಕುಗ್ಗಿ ಕೂತರು. ಬಿಟ್ಟದ್ದು ನಿಜ, ನಾಲ್ಕು ತಿಂಗಳು ನಿಜವಾಗಿ ಬಿಟ್ಟಿದ್ದರು. ಆಮೇಲೆ ಸಾಗರಕ್ಕೆ ಹೋದಾಗ ಒಂದು, ಬರುವಾಗ ಒಂದು. ಮನೆ ಸೇರುವ ಮೊದಲು ಹಳ್ಳದಲ್ಲಿ ಬಾಯಿ ತೊಳೆದುಕೊಳ್ಳುತ್ತಿದ್ದರು. ಬಿಟ್ಟ ಮೇಲೆ ತಿಂದದ್ದಕ್ಕಿಂತ, ಬಿಟ್ಟೆನೆಂದು ಭಾಷಣ ಮಾಡಿದ ಮೇಲೆ ತಿಂದದ್ದೇ ಅವರಿಗೆ ಕಷ್ಟವಾಗಿತ್ತು.

“ಅವಳಿಗೆ ಹೇಳ್ಬೇಡ ಮಾರಾಯ. ಆಣೆ ಹಾಕಿದ್ದೀನಿ,” ಎಂದರು. “ಇವತ್ತಿಂದ ಬಿಟ್ಟೆ ಅಂತ್ಲೇ ತಿಳ್ಕೋ.”

ಹಾಗೆನ್ನುತ್ತಲೇ ಅವರ ಕಣ್ಣು ನನ್ನ ಡಬ್ಬಿಯ ಮೇಲೆ ಹೋಯಿತು. ಬಂದವರಿಗೆ ಕವಳ ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಕೈ ಡಬ್ಬಿಯನ್ನು ಅವರ ಕಡೆ ಸರಿಸಿಬಿಟ್ಟಿತು. ಇಬ್ಬರೂ ಕೂತು ಅಗಿದೆವು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆವಾಗ ಆಗಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಬಹಳ ಚೆನ್ನಾಗಿತ್ತು. ಹೊಸ ಸ್ವಿಚ್ಚು ತರಿಸಿ ಹಾಕಿದೆ. ಬರೀ ಹಾಕಲಿಲ್ಲ, ಸೈಕಲ್ ಟ್ಯೂಬ್ ಕತ್ತರಿಸಿ ಅದಕ್ಕೊಂದು ರಬ್ಬರ್ ಕವಚ ಮಾಡಿ ರಿಂಗಿನ ಅಡಿಗೆ ಕೂರಿಸಿದೆ. ಇನ್ನು ಯಾರು ಎಷ್ಟು ಸುಣ್ಣ ಒರೆಸಿದರೂ ಒಳಗೆ ಒಂದು ಚೂರು ಇಳಿಯುವಂತಿರಲಿಲ್ಲ. ಇಂದಿನಿಂದ ಬಿಟ್ಟವರಿಗೆ ಕವಚ ಯಾಕೆ ಎಂದು ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ.

ಅದರ ಮಾರನೇ ದಿನ ಗಂಡ ಹೆಂಡತಿ ಗಾಡಿ ಒಯ್ಯಲು ಬಂದರು. ಏನಾಗಿತ್ತು ಎಂದು ವಾಗ್ದೇವಿಯಮ್ಮ ಕೇಳಿದರು.

“ಸ್ವಿಚ್ಚಿಗೆ ತೇವ ಹೊಕ್ಕಿತ್ತಮ್ಮ. ಮಳೆಗಾಲ ಅಲ್ವಾ.”

“ಅಷ್ಟೇನಾ?”

“ಅಷ್ಟೇ.”

ಅವರು ತಲೆಯೆತ್ತಿ ನನ್ನ ಬೋರ್ಡನ್ನು ಒಮ್ಮೆ ನೋಡಿದರು. ಭಟ್ಟರು ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದರು.

ಮುಂದಿನ ಮೂರು ತಿಂಗಳು ನನಗೆ ಸುಗ್ಗಿ. ಸೀತಾರಾಮಪ್ಪನಂಥವನು ಈ ಜಿಲ್ಲೆಯಲ್ಲೇ ಇಲ್ಲ ಎಂದು ಭಟ್ಟರು ಸಾಗರದಿಂದ ತೀರ್ಥಹಳ್ಳಿಯವರೆಗೆ ಹೇಳಿದರು. ಮೋಟಾರು ಬದಲಿಸಿದರೂ ಹೋಗದ ರೋಗವನ್ನು ಒಂದು ರಬ್ಬರ್ ತುಂಡಿನಲ್ಲಿ ವಾಸಿ ಮಾಡಿದ ಎಂದು ಮದುವೆಮನೆಗಳಲ್ಲಿ ವರ್ಣಿಸಿದರು. ಜೋಗದಿಂದ ಒಂದು ಜೀಪು, ಆಗುಂಬೆಯಿಂದ ಎರಡು ಜೀಪು ನನ್ನನ್ನು ಕೇಳಿಕೊಂಡು ಬಂದವು. ಭಟ್ಟರ ಭಾಷಣಗಳೂ ಹೆಚ್ಚಿದವು. ನಾವಿಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಬೆಳೆಸಿದೆವು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಜೀಪು ಬಂದು ನಿಂತಿತು. ಓಡಿಸಿಕೊಂಡು ಬಂದವರು ವಾಗ್ದೇವಿಯಮ್ಮ, ಒಬ್ಬರೇ. ದೀಪ ಮಿನುಗಿತಾ ಅಮ್ಮ ಎಂದು ಕೇಳಿದೆ. ಇಲ್ಲ, ಒಂದು ಸಲವೂ ಇಲ್ಲ ಎಂದರು. ನನಗೆ ಹೆಮ್ಮೆಯಾಯಿತು. ಅವರು ಸ್ಟೂಲಿನ ಮೇಲೆ ಕೂತು, ಮಚ್ಚೆ ದೊಡ್ಡದಾಗಿದೆ, ನಾಡಿದ್ದು ಮಣಿಪಾಲಕ್ಕೆ ಹೋಗುತ್ತಿದ್ದೇವೆ, ಚೂರು ಕತ್ತರಿಸಿ ಪರೀಕ್ಷೆ ಮಾಡುತ್ತಾರಂತೆ ಎಂದು ಪಾಠ ಹೇಳಿದ ಹಾಗೆ ಹೇಳಿದರು. ಬಿಟ್ಟರೂ ಬೆಳೆಯುತ್ತಿದೆಯೋ, ತಿಂದು ಬೆಳೆಯುತ್ತಿದೆಯೋ ಎನ್ನುವುದು ಡಾಕ್ಟರಿಗೆ ಗೊತ್ತಾಗಲೇಬೇಕು. ಇವರು ಅಲ್ಲಿಯೂ ಆಣೆ ಹಾಕುವವರೇ.

“ಸ್ವಿಚ್ಚಲ್ಲಿ ಸುಣ್ಣ ಇತ್ತಲ್ವಾ, ಸೀತಾರಾಮಪ್ಪ?”

ಇತ್ತು ಎಂದೆ. ಜೂನಿನಲ್ಲಿ ಭಟ್ಟರು ಒಬ್ಬರೇ ನನ್ನ ಹತ್ತಿರ ಬಂದುಹೋದದ್ದೂ ಅವರಿಗೆ ಗೊತ್ತಿತ್ತು, ಬಸ್ ಟಿಕೆಟ್ ಜೇಬಿನಲ್ಲೇ ಉಳಿದಿತ್ತಂತೆ. ಹಾಗಿದ್ದರೆ ನೀವೇ ಅವರನ್ನು ಕೇಳಬಹುದಿತ್ತಲ್ಲ ಎಂದು ಸ್ವಲ್ಪ ಒರಟಾಗಿಯೇ ಅಂದೆ. ತಪ್ಪು ಮಾಡಿದಾಗ ನನಗೆ ಸಿಟ್ಟು ಬರುತ್ತದೆ.

“ನಾನು ಕೇಳಿದ್ರೆ ಸಂಶಯದ ಹೆಂಗಸು ಅಂತಾರೆ. ಊರಿಡೀ ಶಾಲು ಹೊದಿಸಿದೆ ಅವರಿಗೆ. ಹೊರಗಿನವರು ಯಾರಾದ್ರೂ ಮೀಟರ್ ಇಟ್ಟು ಹೇಳ್ಲಿ ಅಂತ ಇದ್ದೆ. ನಿಮ್ಮ ಬೋರ್ಡು ಓದ್ಕೊಂಡೇ ಬಂದದ್ದು ನಾನು. ಒಂದು ಕಾಲಂ ಜಾಸ್ತಿ ಬರೆದದ್ದೂ ನಿಮಗೋಸ್ಕರನೇ. ನೀವು ದೀಪ ಆರಿಸಿ ಕಳಿಸಿದ್ರಿ.”

ಬಲ್ಬು ಕೀಳುವವರ ಮೇಲೆ ಮೂವತ್ತೆರಡು ವರ್ಷ ಇಟ್ಟುಕೊಂಡ ಸಿಟ್ಟು ಎಲ್ಲಿ ಹೋಗಿ ನಿಲ್ಲಬೇಕೋ ಅಲ್ಲಿಗೇ ಬಂದು ನಿಂತಿತ್ತು. ಈಗಲೇ ಫೋನ್ ಮಾಡಿ ನಿಮ್ಮೆದುರೇ ಹೇಳುತ್ತೇನೆ ಎಂದೆ. ಅವರು ಬೇಡವೆಂದರು. ತೇವ ಎಂದು ನಾನು ಹೇಳಿದ್ದನ್ನು ಭಟ್ಟರು ಮೂರು ತಾಲೂಕಿಗೆ ಸಾರಿದ್ದಾರೆ, ಈಗ ಸುಣ್ಣ ಎಂದರೆ ಹೆಂಡತಿ ಹೇಳಿಕೊಟ್ಟದ್ದು ಎನ್ನುತ್ತಾರೆ. “ನಿಮ್ಮ ಮಾತು ಇನ್ನು ನಡಿಯೋದಿಲ್ಲ. ದೀಪದ ಮಾತಾದ್ರೂ ನಡೀಲಿ. ಹಳೇ ಸ್ವಿಚ್ಚೇ ಹಾಕಿ ಕೊಡಿ.”

ಅದನ್ನು ನಾನು ಎಸೆದಿರಲಿಲ್ಲ, ಹೊಗಳಿಸಿಕೊಳ್ಳಲು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೆ. ಹೊಸದನ್ನು ಬಿಚ್ಚಿದೆ. ಅಂದವಾದ ಆ ರಬ್ಬರ್ ಕವಚದ ಮೇಲೆ ಮೂರು ತಿಂಗಳ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದನ್ನು ವಾಗ್ದೇವಿಯಮ್ಮನ ಕೈಗೆ ಕೊಟ್ಟೆ. ಹಳೇ ಸ್ವಿಚ್ಚು ಕೂರಿಸಿ ಸಂದಿಗೆ ಒಂದು ಹನಿ ನೀರು ಬಿಟ್ಟೆ. ಒಂದು ನಿಮಿಷಕ್ಕೆ ಹಳದಿ ದೀಪ ಮಿನುಗಿತು.

“ಈಗ ಸರಿ ಇದೆ,” ಎಂದರು ಅವರು. ಅಷ್ಟು ವರ್ಷಗಳಲ್ಲಿ ಗಾಡಿಗೆ ಫಾಲ್ಟು ಹಾಕಿ ಗಿರಾಕಿಯಿಂದ ಸರಿ ಎನ್ನಿಸಿಕೊಂಡದ್ದು ಅದೇ ಮೊದಲು.

ಮಾರನೇ ದಿನ ಮಧ್ಯಾಹ್ನ ನಾಲ್ಕು ಗಂಟೆ. ಮಳೆ ಸುರಿಯುತ್ತಿತ್ತು. ಎಲೆಗೆ ಸುಣ್ಣ ಹಚ್ಚುತ್ತಿದ್ದೆ, ಭಟ್ಟರ ಫೋನು ಬಂತು.

“ಸೀತಾರಾಮಪ್ಪಾ, ನೀನು ಹಾಕಿದ ಸ್ವಿಚ್ಚು ಕೈ ಕೊಡ್ತಲ್ಲ ಮಾರಾಯ. ಸಾಗರಕ್ಕೆ ಹೋಗಿ ಬಂದೆ, ಏರಿನ ಬುಡದಲ್ಲಿ ನಿಂತುಬಿಟ್ಟಿದೆ. ಮತ್ತೆ ತೇವ ಹೊಕ್ಕಿರ್ಬೇಕು, ಅಲ್ವಾ?”

ಆ ‘ಅಲ್ವಾ’ದಲ್ಲಿ ಬೇಡಿಕೊಳ್ಳುವ ದನಿಯಿತ್ತು. ಜೊತೆಗೆ ಯಾರಿದ್ದಾರೆ ಎಂದು ಕೇಳಿದೆ. ಬಸ್ ಸ್ಟಾಪಿನಲ್ಲಿ ಇವಳನ್ನು ಹತ್ತಿಸಿಕೊಂಡೆ, ಪಕ್ಕದಲ್ಲೇ ಇದ್ದಾಳೆ ಎಂದರು. ಹೂಂ ತೇವವೇ ಎಂದಿದ್ದರೆ ನನ್ನ ಕೆಲಸ ಕೆಟ್ಟದ್ದೆಂದಾಗುತ್ತಿತ್ತು, ಅವರ ಆಣೆ ಉಳಿಯುತ್ತಿತ್ತು. ಅಲ್ಲ ಎಂದರೆ ನಾನು ಸುಳ್ಳುಗಾರ. ಎರಡರಲ್ಲೂ ಬೋರ್ಡು ಉಳಿಯುವ ಹಾಗಿರಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಎಂದೆ.

“ಅದು ತೇವ ಅಲ್ಲ ಭಟ್ರೇ, ಸುಣ್ಣ. ಜೂನಲ್ಲಿ ಇದ್ದದ್ದೂ ಸುಣ್ಣನೇ. ಅಮ್ಮಂಗೆ ಸುಳ್ಳು ಹೇಳಿದೋನು ನಾನು. ಅವತ್ತು ನಿಮಗೆ ಕವಳ ಕೊಟ್ಟೋನೂ ನಾನೇ.”

ಆ ಕಡೆ ವೈಪರ್ ಓಡುತ್ತಿತ್ತು. ಅದರ ನಡುವೆ ವಾಗ್ದೇವಿಯಮ್ಮನ ದನಿ ಬಂತು, ನನಗಲ್ಲ, ಪಕ್ಕದಲ್ಲಿದ್ದವರಿಗೆ.

“ನಾಳೆ ಡಾಕ್ಟರ ಹತ್ರ ಎಂತ ಹೇಳದು?”

“ಇದ್ದದ್ದೇ ಹೇಳದು,” ಎಂದರು ಭಟ್ಟರು. ಭಾಷಣದ ಗಂಟಲು ಅದಾಗಿರಲಿಲ್ಲ.

ಗಾಡಿ ಅಲ್ಲೇ ಇರಲಿ, ನಾವು ನಡೆದುಕೊಂಡು ಹೋಗುತ್ತೇವೆ, ಒಂದೇ ಕೊಡೆ ಸಾಕಾಗುತ್ತದೆ ಎಂದು ವಾಗ್ದೇವಿಯಮ್ಮ ನನಗೆ ಹೇಳಿ ಫೋನಿಟ್ಟರು. ನನ್ನ ತೊಡೆಯ ಮೇಲೆ ಅರ್ಧ ಸುಣ್ಣ ಹಚ್ಚಿದ ಎಲೆ ಹಾಗೇ ಇತ್ತು. ಬೆರಳು ಒರೆಸಲು ಕೈ ಗೋಡೆಯ ಕಡೆ ಹೋಯಿತು. ಗೋಡೆ ತುಂಬ ನನ್ನವೇ ಗೀರುಗಳು. ಎದ್ದು ಹೋಗಿ ಸೂರಿನ ನೀರಿಗೆ ಬೆರಳು ಒಡ್ಡಿ ತೊಳೆದುಕೊಂಡೆ.